ಅಳತೆ ಬ್ಲೌಸು

ಯುಗಾದಿಗೆ ಹೊಲಿದ ಹಸಿರು ಬ್ಲೌಸನ್ನೇ ಹಿಡಿದು
ಸರ್ವಮಂಗಳಾ ಟೀಚರು ಮತ್ತೆ ಬಂದರು.
"ಇನ್ನೂ ಒಂದಿಂಚು ಹಿಡಿ, ಸಬೀನಾ."
ನಾಲ್ಕು ತಿಂಗಳಲ್ಲಿ ಇದು ಮೂರನೇ ಸಲ.

ದುರ್ಗಿಗುಡಿಯ ಈ ಗಲ್ಲಿಯಲ್ಲಿ ಹತ್ತೊಂಬತ್ತು ವರ್ಷ
ಹೆಂಗಸರು ದಪ್ಪಗಾಗುವುದನ್ನೇ ಬರೆದುಕೊಂಡವಳು ನಾನು.
ಹೆರಿಗೆ, ಥೈರಾಯ್ಡು, ಮಗಳ ಮದುವೆ ಮುಗಿದ ನೆಮ್ಮದಿ,
ಎಲ್ಲಕ್ಕೂ ನನ್ನ ಪುಸ್ತಕದಲ್ಲಿ ಒಂದೊಂದು ಅಂಕಿ.
ಹಿಂದಕ್ಕೆ ನಡೆದ ಅಂಕಿ ಇವರದೊಂದೇ:
ನಲವತ್ತೆರಡು, ನಲವತ್ತು, ಮೂವತ್ತೆಂಟೂವರೆ.

ವಿನೋಬನಗರದಲ್ಲಿ, ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ
ಬೆಳಿಗ್ಗೆ ಆರಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿ ಕುಡಿಯುತ್ತಾರಂತೆ.
ಎರಡು ಚಮಚ ಪುಡಿ, ನೀರು, ನಾಲ್ಕು ಸಲ ಅಲುಗಾಡಿಸಿದರೆ ಮುಗಿಯಿತು.
ರಾತ್ರಿ ಮತ್ತೊಂದು ಲೋಟ. ನಡುವೆ ಹಿಡಿಯಷ್ಟು ಹೆಸರುಕಾಳು.
ಶುಗರ್ ಇಳಿದಿದೆ, ನಿಜ. ಮಂಡಿ ನೋವೆಂದು
ನನ್ನ ಮೂರು ಮೆಟ್ಟಿಲಿಗೂ ಗೋಡೆ ಹಿಡಿಯುತ್ತಿದ್ದವರು
ಈಗ ಹತ್ತಿ ಬಂದದ್ದೇ ಗೊತ್ತಾಗುವುದಿಲ್ಲ.
ಅದನ್ನು ಹೇಳದೆ ಉಳಿದದ್ದು ಹೇಳಿದರೆ ತಪ್ಪಾಗುತ್ತದೆ.

ಆದರೂ "ಊಟ ಆಯ್ತಾ ಟೀಚರ್?" ಅಂತ
ಕೇಳಹೋದದ್ದು ನಾಲಿಗೆಯಲ್ಲೇ ನಿಲ್ಲುತ್ತದೆ.
"ಕುಡಿದೆ" ಅಂದರೆ ನಮ್ಮ ಗಲ್ಲಿಯಲ್ಲಿ ಬೇರೆ ಅರ್ಥ.
ಒಮ್ಮೆ ಹಾಗೇ ಅಂದುಬಿಟ್ಟರು. ನಕ್ಕ ರಭಸಕ್ಕೆ
ಹುಕ್ಕು ಹಾಕುತ್ತಿದ್ದ ರೋಸ್‌ಲಿನ್ ಸೂಜಿ ಚುಚ್ಚಿಕೊಂಡಳು.

ಅಮ್ಮಿ ನಮಗೆ ಗಂಜಿ ಕುಡಿಸಿದ ದಿನ
ಬಾಗಿಲು ಹಾಕಿ ಕುಡಿಸುತ್ತಿದ್ದಳು.
ಪಕ್ಕದ ಮನೆಗೆ ಕೇಳಲೆಂದು
ಖಾಲಿ ತಟ್ಟೆಗೆ ಸೌಟು ತಾಗಿಸಿ ಸದ್ದು ಮಾಡುತ್ತಿದ್ದಳು.
ಕುಡಿದು ಹೊಟ್ಟೆ ತುಂಬಿಸುವುದು ಆಗ ಮುಚ್ಚಿಡುವ ಸಂಗತಿ.
ಈಗ ಲೋಟಕ್ಕೆ ನೂರೆಂಬತ್ತು ರೂಪಾಯಿ,
ಜೊತೆಗೊಂದು ಫೋಟೋ.

ಅವತ್ತು ಶನಿವಾರ, ಬೆಳಗಿನ ಶಾಲೆ.
ಅರ್ಧ ಷಟರ್ ಎಳೆದು, ಎರಡು ಗಂಟೆಗೆ
ನಾನು ಡಬ್ಬಿ ಬಿಚ್ಚಿದ್ದೆ. ಅಕ್ಕಿ ರೊಟ್ಟಿ, ಕಳಲೆ ಪಲ್ಯ.
"ಕಳಲೆನಾ? ಮೂರು ದಿನ ನೀರು ಬದಲಿಸಿದ್ಯಾ?
ಬೆಳ್ಳುಳ್ಳಿ ಜಜ್ಜಿದ್ದಾ, ಹೆಚ್ಚಿದ್ದಾ?"
ಸ್ಟೂಲು ಎಳೆದು ಕೂತೇಬಿಟ್ಟರು.
ಕೆಸುವಿನ ದಂಟಿನ ಹುಳಿ, ತೊಡದೇವು,
ಹಲಸಿನ ಎಲೆಯೊಳಗೆ ಬೆಂದ ಕಡುಬು,
ಹೊಸನಗರದಲ್ಲಿ ಮೊದಲ ಪೋಸ್ಟಿಂಗು, ಅಲ್ಲಿ
ಹೆಡ್‌ಮಾಸ್ಟರ ಹೆಂಡತಿ ಕರೆದು ಬಡಿಸಿದ,
ಮನೆಯಲ್ಲಿ ಇವತ್ತಿಗೂ ಹೇಳದ ಏಡಿ ಸಾರು.
ಅರ್ಧ ಗಂಟೆ ಬಡಿಸಿದರು, ಬರೀ ಮಾತಲ್ಲಿ.
ಊಟ ಬಿಟ್ಟವರಷ್ಟು ಊಟದ ಮಾತು
ಉಣ್ಣುವವರು ಆಡುವುದಿಲ್ಲ.
ನನ್ನ ರೊಟ್ಟಿ ಆರಿ ಬಿರುಸಾಯಿತು.

"ಒಂದು ಚೂರು ಹಾಕಲಾ?"
"ಬೇಡ ಬೇಡ. ನೀನು ತಿನ್ನು, ನಾನು ನೋಡ್ತೀನಿ."
ನೋಡುವವರೆದುರು ಅಗಿಯುವುದು ಎಷ್ಟು ಕಷ್ಟ.
ನನ್ನ ಹಲ್ಲಿನ ಸದ್ದು ನನಗೇ ಕೇಳಿಸಿತು.

ಹೋಗುವಾಗ ಒಂದು ಪೊಟ್ಟಣ ಕೊಟ್ಟರು, ಏಲಕ್ಕಿಯದು.
ಸೋಮವಾರ ಎರಡು ಗಂಟೆಗೆ ಕಲಸಿ ಕುಡಿದೆ.
ಚೆನ್ನಾಗಿಯೇ ಇತ್ತು. ಹಸಿವೂ ಹೋಯಿತು.
ಗಡಿಯಾರ ನೋಡಿದರೆ ಎರಡು ಗಂಟೆ ಮೂರು ನಿಮಿಷ.
ಉಳಿದ ಇಪ್ಪತ್ತೇಳು ನಿಮಿಷ ಏನು ಮಾಡಬೇಕೆಂದು
ಕೈಗೆ ತೋಚಲಿಲ್ಲ.
ರೋಸ್‌ಲಿನ್ ಡಬ್ಬಿಯ ಮುಚ್ಚಳದಲ್ಲಿ
ನನಗೆಂದು ಎತ್ತಿಟ್ಟಿದ್ದ ಮೀನಿನ ತುಂಡನ್ನು
ಮತ್ತೆ ತನ್ನ ಅನ್ನದ ಮೇಲೇ ಹಾಕಿಕೊಂಡಳು.
ಏನೂ ಅನ್ನಲಿಲ್ಲ.

ಷಟರ್ ಎತ್ತಿ ಹಸಿರು ಬ್ಲೌಸು ತೆಗೆದೆ.
ಅರ್ಧ ಅರ್ಧ ಇಂಚು, ಎರಡೂ ಪಕ್ಕ.
ಒಳಗೆ ಇಷ್ಟು ಬಟ್ಟೆ ಸೇರಿ ಚುಚ್ಚುತ್ತದೆ,
ಈ ಸಲ ಕತ್ತರಿಸಿಯೇ ಬಿಡು ಅಂದಿದ್ದರು.
ತಿರುಗಿಸಿ ಹಾಸಿದೆ. ಹಳೆಯ ಹೊಲಿಗೆಗಳು,
ಯುಗಾದಿಯದು, ಮೇ ತಿಂಗಳದು, ಜೂನಿನದು,
ಒಂದರ ಹೊರಗೊಂದು ಗೆರೆ.
ಕತ್ತರಿ ಕೈಯಲ್ಲೇ ಇತ್ತು.

ಮಡಚಿ, ಉದ್ದನೆಯ ಟಾಕ ಹಾಕಿಟ್ಟೆ,
ಒಂದೆಳೆ ಎಳೆದರೆ ಬಿಚ್ಚುವ ಹಾಗೆ.