ಹದಿನಾಲ್ಕನೇ ಕಾಲಂ

ಡಿ.ಸಿ. ಆಫೀಸಿನ ಬೇವಿನ ಮರದ ಕೆಳಗೆ
ಟೈಪಿಂಗ್ ಬೋರಯ್ಯ ಕನ್ನಡಕ ಹಣೆಗೇರಿಸಿ ಕೇಳಿದ:
‘ನೀಲಮ್ಮ, ಹದಿನಾಲ್ಕು ಖಾಲಿ ಬಿಟ್ಟಿದೀಯಲ್ಲ,
ಗಂಡನ ಈಗಿನ ವಿಳಾಸ?’

ಬಿಟ್ಟಿಲ್ಲ ಬೋರಯ್ಯ. ಅದೇ ಖಾಲಿಯಾಯಿತು.

ಪಾಸ್‌ಪೋರ್ಟಿನಲ್ಲಿ ನಾನು ನಿಲ್ಮಿಣಿ.
ನೀಲಮ್ಮ ಮಾಡಿದ್ದು ಅತ್ತೆ,
ಕುವೈತಿನಿಂದ ಬಂದಿಳಿದ ಸಂಜೆ ಕಾಲಿಗೆ ನೀರು ಕೊಡುತ್ತ,
‘ಆ ಹೆಸರು ನನ್ನ ನಾಲಿಗೆಗೆ ಹತ್ತಲ್ಲ ಕಣವ್ವ’ ಅಂದು,
ಬಿಗಿಯಾದ ರವಿಕೆಯ ಹೊಲಿಗೆ ಬಿಚ್ಚಿ
ಸಡಿಲ ಮಾಡಿ ಹಾಕಿದಷ್ಟು ಸಲೀಸಾಗಿ.
ಅದಾಗಿ ಹನ್ನೊಂದು ವರ್ಷ.

ಮಾತಲೆಯ ನಮ್ಮೂರಲ್ಲೂ ಅಕ್ಷರ ದುಂಡಗೆ.
ಗೆರೆ ನೆಟ್ಟಗೆಳೆದರೆ ತಾಳೆಗರಿ ಹರಿಯುತ್ತದೆ, ಅದಕ್ಕೇ
ಬಳಸಿ ಬರೆದರು ಅನ್ನುತ್ತಿದ್ದರು ನಮ್ಮ ಟೀಚರು.
ಇಲ್ಲಿ ಬಸ್ಸಿನ ಬೋರ್ಡಿನ ಮೇಲೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು.
ಓದಲು ಬರದಿದ್ದಾಗಲೂ ಗುರುತು ಹತ್ತುತ್ತಿತ್ತು,
ಯಾರದೋ ಮದುವೆ ಮನೆಯಲ್ಲಿ
ನಮ್ಮಜ್ಜಿಯ ಮೂಗು ಎದುರಾದ ಹಾಗೆ.

ಓಬಳೇಶನ ಬಗ್ಗೆ ಏನು ಹೇಳಲಿ?
ಹೊಡೆದವನಲ್ಲ, ಕುಡಿದವನಲ್ಲ.
ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಊಟ,
ಅತ್ತೆಯ ತಿಥಿ ಕಳೆದು ವಾರಕ್ಕೆ
ಗೂಟದ ಮೇಲಿನ ಅಂಗಿಗಳು.
ಈಗ ಅವನು ಮೆದೇಹಳ್ಳಿ ರಸ್ತೆ, ನಾನು ಬುರುಜನಹಟ್ಟಿ.
ನಡುವೆ ಇಪ್ಪತ್ತು ರೂಪಾಯಿ ಆಟೋ.
ಕೋರ್ಟಿಗೆ ಹೋಗಲಿಲ್ಲ.
ಕೂಡಿದ್ದಕ್ಕೆ ಕಾಗದ ಇದೆ, ಅಗಲಿದ್ದಕ್ಕಿಲ್ಲ.

ದೇಶ ಬಿಡುವುದಾದರೆ ಬರೆದು ಬಿಡಬೇಕಂತೆ:
ಪುಸ್ತಕ ಒಪ್ಪಿಸಿ, ರಸೀತಿ ಪಡೆದು.
ಎಷ್ಟು ಸಭ್ಯ.

ಇಬ್ಬರು ಸಾಕ್ಷಿ ಬೇಕೆಂದಾಗ ಜೈತೂನ್‌ಬಿ ಬಂದಳು.
‘ಬರ್ಕೋ: ನಮ್ಮ ಮೂರು ಮೊಮ್ಮಕ್ಕಳ ಯೂನಿಫಾರಂ
ಜೂನ್‌ನಲ್ಲಿ ಹೊಲಿದು ದೀಪಾವಳಿವರೆಗೂ ದುಡ್ಡು ಕೇಳಲಿಲ್ಲ.’
ಬೋರಯ್ಯ ‘ಸನ್ನಡತೆಯುಳ್ಳವರು’ ಎಂದು ಕುಟ್ಟಿದ.
ಯೂನಿಫಾರಂ ಹೋಯಿತು.

ಎರಡು ವರ್ಷಕ್ಕೆ ಮೊದಲ ಸಲ ಫೋನು ಮಾಡಿದೆ.
‘ಎಷ್ಟೊತ್ತಿಗೆ ಬರಲಿ’ ಅಂದ. ಯಾಕೆ ಅನ್ನಲಿಲ್ಲ.
ಬಂದ. ಕೂದಲು ಹಿಂದೆ ಸರಿದಿದೆ,
ಅಂಗಿಯ ಎರಡನೇ ಗುಂಡಿ ಬೇರೆ ಬಣ್ಣದ ದಾರದಲ್ಲಿ.
ಕಣ್ಣು ಮೊದಲು ಅಲ್ಲಿಗೇ ಹೋಗುವುದು ಕಸುಬಿನ ದೋಷ,
ಬೇರೇನಲ್ಲ.

ಒಳಗೆ ಗುಮಾಸ್ತರು ತಲೆ ಎತ್ತದೆ ಕೇಳಿದರು:
‘ಗಂಡ ಹೆಂಡತಿ ಒಟ್ಟಿಗಿದ್ದೀರಾ?’

ಫ್ಯಾನು ತಿರುಗಿತು. ಫೈಲಿನ ಅಂಚು ಹಾರಿ ಕೂತಿತು.
ಹೌದು ಅಂದರೆ ಸುಳ್ಳಿನಿಂದ ಪ್ರಜೆ,
ಇಲ್ಲ ಅಂದರೆ ಸತ್ಯವಾಗಿ ಪರದೇಶಿ.
ದಿಕ್ಕಿಲ್ಲದವರಿಗೂ ಕನ್ನಡದಲ್ಲಿ ಅದೇ ಮಾತು ಎಂದು
ಹೇಳಿಕೊಟ್ಟವನು ಇವನೇ, ಕುವೈತಿನ ಒಂದು ಬಸ್‌ಸ್ಟಾಪಿನಲ್ಲಿ,
ನಗುತ್ತ, ನಾವಿಬ್ಬರೂ ಅದೇ ಅನ್ನುತ್ತ.

ಓಬಳೇಶ ಗಂಟಲು ಸರಿಮಾಡಿಕೊಂಡ.
‘ಸಾರ್, ಇವರು ಈ ಊರಲ್ಲೇ ಇದ್ದಾರೆ.
ಎಲ್ಲೂ ಹೋಗಿಲ್ಲ. ಹೋಗಿದ್ದು ನಾನು.’

ಇವರು ಅಂದ.
ಹನ್ನೊಂದು ವರ್ಷದಲ್ಲಿ ಒಂದು ದಿನವೂ
ಬಹುವಚನದಲ್ಲಿ ಕರೆದಿರಲಿಲ್ಲ.

ಗುಮಾಸ್ತರು ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡರು.
ಆ ಉತ್ತರಕ್ಕೆ ಕಾಲಂ ಇರಲಿಲ್ಲ.
‘ಇರೋದನ್ನೇ ಬರೀತೀನಿ. ಸಾಹೇಬರು ನೋಡ್ತಾರೆ. ಸಹಿ ಮಾಡಿ.’
ಓ ಅಕ್ಷರವನ್ನು ಅವನು ಯಾವಾಗಲೂ ದೊಡ್ಡದಾಗಿ ಸುತ್ತುತ್ತಾನೆ.
ಕಾಗದ ಹರಿಯಲಿಲ್ಲ.

ಹೊರಗೆ ಜೋಗಿಮಟ್ಟಿ ಕಡೆಯ ಗಾಳಿ.
ಬಂದ ಹೊಸದರಲ್ಲಿ ರಾತ್ರಿ ಅದು ಕೇಳಿದರೆ
ಸಮುದ್ರ ಎಂದು ಎದ್ದು ಕೂರುತ್ತಿದ್ದೆ.
ಮೆದೇಹಳ್ಳಿ ಆಟೋ ಬಂತು. ‘ಬರ್ಲಾ?’ ಅಂದ.
ನಾನು ಗುಂಡಿಯ ಮಾತೆತ್ತಲಿಲ್ಲ.

ಬೋರಯ್ಯನಿಗೆ ಇನ್ನೂರರ ನೋಟು ಕೊಟ್ಟೆ.
ಲೆಕ್ಕ ನೂರೈವತ್ತು. ಜೇಬೆಲ್ಲ ತಡಕಿ
‘ಚಿಲ್ಲರೆ ಇಲ್ವಲ್ಲಮ್ಮ’ ಅಂದ.

ಇರಲಿ ಬಿಡೋ ಮಾರಾಯ,
ನಾನೇನು ಊರು ಬಿಡ್ತೀನಾ.