ಮೂವತ್ತೆರಡು ಪುಟ

ಸಾಲಗಾಮೆ ರಸ್ತೆಯ ನನ್ನ ಜೆರಾಕ್ಸ್ ಅಂಗಡಿಗೆ
ಅವಳು ಮೊದಲು ಬಂದದ್ದು ಒಂದು ಜೂನ್ ಬೆಳಗ್ಗೆ.
ಪಾಸ್‌ಪೋರ್ಟು, ವೀಸಾ, ಕೃಷಿ ಕಾಲೇಜಿನ ಪತ್ರ, ಬಾಡಿಗೆ ಕರಾರು
ಎಲ್ಲ ಎದೆಗವಚಿಕೊಂಡು.
ಎಸ್ಪಿ ಆಫೀಸಿನಲ್ಲಿ ಕೇಳಿದ್ದಾರೆ ಎಂದು
ನಾಲ್ಕು ಬೆರಳೆತ್ತಿ ತೋರಿಸಿದಳು.
ಎಂಟು ಹಾಳೆ, ನಾಲ್ಕು ಪ್ರತಿ.
ಪುಟಕ್ಕೆ ಎರಡು ರೂಪಾಯಿ ಅಂದೆ.

ಎಲ್ಲರಿಗೂ ಒಂದೇ ರೂಪಾಯಿ.
ಬೋರ್ಡಿನಲ್ಲೂ ಹಾಗೇ ಬರೆದಿತ್ತು, ಕನ್ನಡದಲ್ಲಿ.

ಹೆಸರು ಅತುಪೆಲೆ.
ಸಾಲದ ಪುಸ್ತಕದಲ್ಲಿ ನಾನು ಬರೆದದ್ದು ಅತ್ತಿಗುಪ್ಪೆ.
ನಾನು ದಾಕ್ಷಾಯಿಣಿ;
ಅವಳು ನನ್ನ ಹೆಸರಿನ ಅರ್ಧಕ್ಕೇ ಇಳಿದುಬಿಡುತ್ತಿದ್ದಳು.
ಆಫ್ರಿಕಾ ಅಂದರೆ ಉರಿಬಿಸಿಲು ಅಂದುಕೊಂಡಿದ್ದೆ.
ತಾಂಜಾನಿಯಾದ ಅವಳ ಬೆಟ್ಟದಲ್ಲಿ
ಜುಲೈ ಬಂದರೆ ಕಂಬಳಿ ಸಾಲುವುದಿಲ್ಲವಂತೆ.
ಹಾಸನದ ಚಳಿಗೆ ಎಂಜಿನಿಯರಿಂಗ್ ಹುಡುಗರು ಟೋಪಿ ಎಳೆದುಕೊಂಡರೆ
ಇವಳು ಅರ್ಧತೋಳಿನ ಅಂಗಿಯಲ್ಲೇ ಬಸ್ಸಿಗೆ ಕಾಯುವಳು.
ಮೂರು ಮನೆಯವರು ರೂಮು ಖಾಲಿಯಿಲ್ಲ ಅಂದಿದ್ದರು.
ಮೂರೂ ಮನೆಯ ಗೇಟಿಗೆ 'ಬಾಡಿಗೆಗಿದೆ' ಹಾಗೇ ನೇತಾಡುತ್ತಿತ್ತು.
ಕೊನೆಗೆ ಕೊಟ್ಟದ್ದು ಮಂಡಿ ಜಮೀಲಾಬಿ.

ಕನ್ನಡದಲ್ಲಿ ಅವಳು ಕಲಿತ ಮೊದಲ ಮಾತು
ನೀರು ಅಲ್ಲ, ಊಟ ಅಲ್ಲ, ಅಂಗಮಾರಿ.
ಆಲೂಗಡ್ಡೆಯ ಆ ರೋಗ ಓದಲಿಕ್ಕೇ
ಕಡಲು ದಾಟಿ ಬಂದವಳು.
ಒಂದು ಭಾನುವಾರ ಅಂಗಡಿ ಮುಚ್ಚಿ
ನನ್ನ ಸ್ಕೂಟರಿನಲ್ಲಿ ದುದ್ದದ ಹೊಲಕ್ಕೆ ಕರೆದೊಯ್ದೆ.
ಎಲೆ ಮಗುಚಿ ನೋಡಿದಳು, ಬಿಳಿ ಬೂಷ್ಟು.
ಮೂಗಿಗೆ ಹಿಡಿದಳು.
ಅವರ ಭಾಷೆಯಲ್ಲಿ ಆಲೂಗಡ್ಡೆಗೆ ವಿಯಾಜಿ.
ನನಗೆ ವ್ಯಾಜ್ಯ ಅಂತ ಕೇಳಿಸಿತು.
'ಎರಡೂ ಒಂದೇ ಬಿಡವ್ವ' ಅಂದ ಈರೇಗೌಡ.
'ನಿಮ್ಮಲ್ಲೂ ಬೀಜ ಜಲಂಧರದಿಂದಲೇ ಬರತ್ತಾ?'
ಇಲ್ಲ, ಅಜ್ಜಿಯ ಮಂಚದ ಕೆಳಗಿಂದ.
'ಅಂಥಾ ಬೀಜ ಇಟ್ಕೊಂಡು ಇಲ್ಲಿಗ್ಯಾಕೆ ಬಂದೆ?'
ಅವಳು ಇಂಗ್ಲಿಷಿನಲ್ಲಿ ತುಂಬ ಹೊತ್ತು ಹೇಳಿದಳು.
ನಾನು ಇಷ್ಟೇ ದಾಟಿಸಿದೆ:
ಮಂಚದ ಕೆಳಕ್ಕೂ ಬಂದಿದೆಯಂತೆ.
ಈರೇಗೌಡ ಮಾತಾಡಲಿಲ್ಲ.
ಬರುವಾಗ ಒಂದು ಚೀಲ ಹೀರೇಕಾಯಿ ಕೊಟ್ಟ.

ಡಿಸೆಂಬರಿನಲ್ಲಿ ಒಂದು ಸಂಜೆ
ಅಂಗಡಿ ಮುಂದೆ ನಿಂತು, ತಲೆಯೆತ್ತಿ,
ಬೋರ್ಡನ್ನೇ ನೋಡುತ್ತಿದ್ದಳು.
'ದಾಕ್ಷಾ, ಆ ೧ ಅಂದರೆ ಒಂದು ಅಲ್ಲವಾ?'
ಅಂಕಿಗಳನ್ನು ಬಸ್ಸಿನ ಹಣೆಯಿಂದ ಕಲಿತಿದ್ದಳು.
ಪುಟ್ಟ ಡೈರಿ ತೆಗೆದು, ತಾರೀಖು ತೋರಿಸಿ,
'ನನ್ನದು ಮೂವತ್ತೆರಡು ಪುಟ ನಿಮ್ಮ ಹತ್ತಿರ ಇದೆ.'
ಕೋಪ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.
ಗಲ್ಲಾಪೆಟ್ಟಿಗೆ ಎಳೆದೆ.
'ದುಡ್ಡು ಬೇಡ, ಪುಟ.'

ಅಂದಿನಿಂದ ಒಂದೊಂದೇ ತೀರುತ್ತ ಬಂತು.
ಹಾಲ್ ಟಿಕೆಟ್ಟು, ಫೀಸಿನ ರಸೀದಿ,
ಮತ್ತೆ ಎಸ್ಪಿ ಆಫೀಸು, ಮತ್ತೆ ನಾಲ್ಕು ಬೆರಳು.
ಒಮ್ಮೆ ಅಜ್ಜಿಯ ಫೋಟೋ ತಂದಳು, ಗೋಡೆಗೆ ಅಂಟಿಸಲು.
ಆ ಮುಖಕ್ಕೆ ನನ್ನ ಯಂತ್ರ ಕಣ್ಣೇ ಬಿಡಲೊಲ್ಲದು,
ಮಸಿಯ ಮುದ್ದೆ, ಮೇಲೊಂದು ಸೆರಗು.
ಮೂರು ಸಲ ಬೆಳಕು ಹೆಚ್ಚಿಸಿದೆ;
ನಾಲ್ಕನೆಯದರಲ್ಲಿ ಅಜ್ಜಿ ನಕ್ಕಳು.
ಕೆಟ್ಟ ಮೂರನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.
ಅವಳು ಹಿಡಿದಳು.

ಪ್ರಬಂಧಕ್ಕೆ ಮರೂನ್ ರೆಕ್ಸಿನ್ ಹೊದಿಸಿ ಕೊಟ್ಟೆ,
ಅದಕ್ಕೆ ಪೂರಾ ದುಡ್ಡು ಎಣಿಸಿದಳು.
ಹೋಗುವ ದಿನ ಆಟೋದಿಂದ ಕೈ ಬೀಸಿದಳು,
ಇಳಿಯಲಿಲ್ಲ, ರೈಲಿಗೆ ಹೊತ್ತಾಗಿತ್ತು.
ಪುಸ್ತಕದಲ್ಲಿ ಅತ್ತಿಗುಪ್ಪೆಯ ಎದುರು
ನಾನು ಕೊಡಬೇಕಾದ್ದು ಇನ್ನೂ ನಾಲ್ಕು ಪುಟ.

ಈ ಜೂನಿನಲ್ಲಿ ಅದೇ ಕಾಗದದ ಕಂತೆ ಹಿಡಿದು
ಯೆಮನ್ನಿನ ಇಬ್ಬರು ಹುಡುಗರು ಮೆಟ್ಟಿಲು ಹತ್ತಿದರು.
ಅವರಿನ್ನೂ ಬಾಯಿ ತೆರೆದಿರಲಿಲ್ಲ.
'ಒಂದು! ಪುಟಕ್ಕೆ ಒಂದೇ ರೂಪಾಯಿ!' ಅಂದೆ,
ಎಷ್ಟು ಜೋರಾಗಿ ಅಂದರೆ
ಪಕ್ಕದ ಟೀ ಅಂಗಡಿಯವರೆಲ್ಲ
ಲೋಟ ಹಿಡಿದು ಇತ್ತ ತಿರುಗಿದರು.