ಉಬ್ಬು ತಗ್ಗು

ನಾನಕ ಝೀರಾದ ಬಾಗಿಲೆದುರು ನನ್ನ ಮೇಜು.
ತಲೆಗೆ ಕಟ್ಟುವ ಕೇಸರಿ ವಸ್ತ್ರ, ಉಕ್ಕಿನ ಕಡಗ,
ಝರಿಯ ನೀರು ತುಂಬಿಕೊಳ್ಳಲಿಕ್ಕೆ ಬಾಟಲಿ.
ದೂರದವರು ಬರುತ್ತಾರೆ, ಜೇಬು ತಡಕಿ
ಇಲ್ಲಿ ನಡೆಯದ ರೊಕ್ಕ ಇಟ್ಟು ಹೋಗುತ್ತಾರೆ,
ಮರೆತೋ, ಅವಸರಕ್ಕೋ, ಇರಲಿ ಮಗಳೇ ಎಂದೋ.

ಬಿಸ್ಕೀಟಿನ ಡಬ್ಬಿಯಲ್ಲಿ ನಲವತ್ತೊಂದು ಕೆನಡಾ ಬಿಲ್ಲೆ:
ಎಲೆಯದು, ಸಾರಂಗದ್ದು, ನೀರ ಮೇಲಿನ ಹಕ್ಕಿಯದು.
ಎಲ್ಲದರ ಬೆನ್ನಿಗೂ ಅದೇ ರಾಣಿ,
ಕೆಲವದರಲ್ಲಿ ಹರೆಯ, ಕೆಲವದರಲ್ಲಿ ಮುಪ್ಪು.

ವಸ್ತ್ರ ತಂದುಕೊಡುವ ಸೂರ್ಯಕಾಂತ ಅಂದ:
"ತಪ್ಪು ಅಚ್ಚಾದದ್ದಕ್ಕ ಲಕ್ಷ ಕೊಡ್ತಾರಂತ, ಝರೆಮ್ಮ."
ಆ ರಾತ್ರಿ ಡಬ್ಬಿ ಸುರಿದು ಕೂತೆ.
ಏಳು ಸಿಕ್ಕವು.
ಇಷ್ಟು ಹಿಗ್ಗಿನಿಂದ ನಾನು
ಯಾರ ತಪ್ಪನ್ನೂ ಹುಡುಕಿದವಳಲ್ಲ.

ಚೌಬಾರದ ಹಿಂದಿನ ಗಲ್ಲಿ. ಖಮರುದ್ದೀನ್ ಚಾಚಾ
ಹೂಜಿಯ ಕೊರಳಿಗೆ ಬೆಳ್ಳಿ ತಂತಿ ಬಡಿಯುತ್ತಿದ್ದವರು
ಸುತ್ತಿಗೆ ಇಟ್ಟು, ಕಣ್ಣಿಗೆ ದುರ್ಬೀನು ಸಿಕ್ಕಿಸಿದರು.
"ಕೆನಡಾ ನಂಗ ಗೊತ್ತಿಲ್ಲ ಬೇಟಿ. ಲೋಹ ಗೊತ್ತು.

ಈ ಗೀರು ನೋಡು. ನೇಗಿಲು ಹೋದ ಸಾಲಿಗೆ
ಎರಡೂ ಕಡಿ ಮಣ್ಣೇಳ್ತದಲ್ಲ, ಹಂಗ ದಂಡಿ ಎದ್ದದ.
ಎಲ್ಲೋ ಕಲ್ಲಿಗಿ ಉಜ್ಜ್ಯಾದ. ಬೀದಿಯ ಗಾಯ ಇದು.

ಇದರ ಅಂಚು ದಪ್ಪಾಗಿ ಒಳಗ ಮಡಚ್ಯಾದ,
ಬಟ್ಟಿ ಒಣಗಿಸೋ ಮಷೀನಿನಾಗ ಸಿಕ್ಕಿ
ವರ್ಷಗಟ್ಲೆ ತಿರಗಿರ್ಬೇಕು.
ಇದರದು ಅಕ್ಷರ ಇಲ್ಲಂತೀ? ಅರದ ಗೆರಿ ಅವ ಅಲ್ಲಿ, ಯಾರೋ ತಿಕ್ಕ್ಯಾರ.
ಇದು ಇಲಿ ಕಚ್ಚಿದಂಗ ತುಂಡಾಗ್ಯಾದ. ಹುಟ್ಟಾ ತುಂಡಿದ್ರ
ಎದುರಿನ ಅಂಚೂ ಸೊರಗಿರ್ತಿತ್ತು.
ಒತ್ತುವಾಗ ಈ ಕಡಿ ಆಸರ ಇಲ್ಲಂದ್ರ
ಆ ಕಡಿ ಹೆಂಗ ಏಳ್ತದ?
ಎದುರಿನದು ಗಟ್ಟಿ ಅದ. ಕತ್ತರಿ ಕೆಲಸ.

ಇದು ರೈಲಿನ ಗಾಲಿ ಕೆಳಗ ಇಟ್ಟದ್ದು.
ತೂಗಿ ನೋಡು, ತೂಕ ಅಷ್ಟೇ. ಅಗಲ ಮಾತ್ರ ಹೆಚ್ಚು."
ಆರನೆಯದಕ್ಕೆ ಮಾತೂ ಆಡಲಿಲ್ಲ, ಬದಿಗೆ ಸರಿಸಿದರು.

ಲಕ್ಷದಿಂದ ಕಳೆಯುತ್ತ ಕಳೆಯುತ್ತ
ನಾನು ಆಟೋ ಬಾಡಿಗೆಗೆ ಬಂದು ನಿಂತೆ.

ಏಳನೆಯದು, ಎಲೆಯ ಬಿಲ್ಲೆ.
ರಾಣಿಯ ಗದ್ದದಿಂದ ಅಂಚಿನ ತನಕ ಕೂದಲೆಳೆಯ ಗೆರೆ.
ಚಾಚಾ ಉಗುರಾಡಿಸಿದರು. ನನ್ನ ಉಗುರನ್ನೂ ಆಡಿಸಿದರು.
ಉಬ್ಬಿತ್ತು.

"ಬಡದ್ರ ತಗ್ಗು ಬೀಳ್ತದ, ಹಿಂಗ ಉಬ್ಬಂಗಿಲ್ಲ.
ಅಚ್ಚೇ ಬಿರಕು ಬಿಟ್ಟಿತ್ತು,
ಬಿರಕಿನಾಗ ಲೋಹ ನುಗ್ಗಿ ಕೂತದ.
ಇದು ತವರಿಂದ ತಂದದ್ದು.
ಟಂಕಸಾಲ್ಯಾಗ ಇದರ ಹಿಂದ ಮುಂದ ಹುಟ್ಟಿದವಕ್ಕೂ
ಇದೇ ಗೆರಿ ಇರ್ತದ, ನೋಡಬೇಕು ಅಷ್ಟೇ.
ಲಕ್ಷ ಪಿಕ್ಷ ಏನಿಲ್ಲ. ಚಾ ಆಗ್ತದ, ಇಬ್ಬರಿಗಿ."

ಬಿಲ್ಲೆ ಎತ್ತಿಕೊಳ್ಳುವಾಗ
ನನ್ನ ಎಡಗೈ ಕಿರುಬೆರಳು ಅವರ ಗಾಜಿನ ಕೆಳಗೆ ಬಂತು,
ಕುಡುಗೋಲಿನ ತುದಿಯಂತೆ ಒಳಗೆ ಬಾಗಿದ್ದು.

ದೊಡ್ಡಾಸ್ಪತ್ರೆಯ ಅರ್ಜಿಯಲ್ಲೊಂದು ಖಾನೆ ಇತ್ತು:
ಹುಟ್ಟಿನಿಂದಲೋ, ಆಮೇಲೋ?
ಅವ್ವ ಹುಟ್ಟಿನಿಂದ ಅಂದಳು.
ಚಿಕ್ಕವ್ವ ಹೊರಗೆ ಬಂದ ಮೇಲೆ ಅಂದಳು, ಬಾಗಿಲ ಸಂದಿ,
ನೀ ಎರಡು ವರ್ಷದಾಕಿ,
ಬಾಗಿಲು ದೂಡಿದ್ದು ಯಾರಂತ ಕೇಳಬ್ಯಾಡ.
ಗುಮಾಸ್ತ ಏನು ಗೀಚಿದನೋ
ಓದಲಿಕ್ಕೆ ಬರುವ ಹಾಗಿರಲಿಲ್ಲ.

ಇದು ಹೇಳ್ರಿ ಚಾಚಾ, ಎಂದೆ. ನಗುತ್ತಲೇ ಎಂದೆ.

ಬೆರಳನ್ನು ಆ ಕಡೆ, ಈ ಕಡೆ ತಿರುಗಿಸಿ
ಬಹಳ ಹೊತ್ತು ನೋಡಿದರು.
ಆಮೇಲೆ ದುರ್ಬೀನು ತೆಗೆದು ಕುರ್ತಾಕ್ಕೆ ಒರೆಸಿ,
ಕೆತ್ತಿ ಮುಗಿದಿದ್ದ ಸಣ್ಣ ತಟ್ಟೆಯೊಂದನ್ನು
ಕೋಟೆಯ ಮಣ್ಣು ಕಲಸಿ ಕುದಿಸಿದ ನೀರಿಗೆ ಬಿಟ್ಟರು.
ಲೋಹ ಕಪ್ಪಾಯಿತು.
ಬೆಳ್ಳಿಯ ಗೆರೆ ಇದ್ದ ಹಾಗೇ ಉಳಿಯಿತು.

"ಚಾ ಹೇಳು ಹೋಗು," ಅಂದರು.

ಎರಡು ಚಾ, ಒಂದು ಖಾರಿ.
ನಡೆಯುವ ರೊಕ್ಕದಲ್ಲೇ ಕೊಟ್ಟೆ.